ತಲೆ ಎಂದು ಕೂಗದ ಭಾನುವಾರ

ಚೆಂಡು ಬ್ಯಾಟಿಗೆ ತಗುಲಿದ ಸದ್ದಿನಲ್ಲೇ ಅದು ಸಿಕ್ಸರ್ ಎಂದು ನನಗೆ ಗೊತ್ತಾಯಿತು. ಅದು ನಮ್ಮ ಆಟದ ಚೆಂಡಲ್ಲ, ಪಕ್ಕದ ಆಟದ್ದು. ನಮ್ಮ ಪಿಚ್ಚಿನಲ್ಲಿ ಬೌಲರ್ ಆಗಲೇ ಓಟ ಶುರು ಮಾಡಿದ್ದ. ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ ನಾನು ಅವನನ್ನು ನೋಡಬೇಕಿತ್ತು. ಅದರ ಬದಲು ಆ ಬಿಳಿ ಚೆಂಡು ಎಷ್ಟು ಎತ್ತರ ಹೋಗುತ್ತದೆ, ಎಷ್ಟು ದೂರ ಬೀಳುತ್ತದೆ ಎಂದು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅದು ಬಿದ್ದದ್ದು ಮೊದಲ ಸ್ಲಿಪ್ಪಿನಲ್ಲಿ ಬಗ್ಗಿ ನಿಂತಿದ್ದ ನಮ್ಮ ಮೇಷ್ಟ್ರ ತಲೆಯ ಮೇಲೆ, ಎಡಗಿವಿಯ ಹಿಂದೆ.

ತೆಂಗಿನಕಾಯಿ ಒಡೆದ ಹಾಗಾಯಿತು ಎಂದು ಆಮೇಲೆ ಯಾರೋ ಹೇಳಿದರು. ಹಾಗಿರಲಿಲ್ಲ. ಒದ್ದೆ ಬಟ್ಟೆಯ ಗಂಟನ್ನು ಸಿಮೆಂಟಿನ ಮೇಲೆ ಬಿಟ್ಟಂತೆ, ಸಣ್ಣ ಸದ್ದು. ಮೇಷ್ಟ್ರು ಕೈಗಳನ್ನು ಕ್ಯಾಚಿಗೆ ಹಿಡಿದಂತೆಯೇ ಮುಂದಕ್ಕೆ ಬಿದ್ದರು. ಪಕ್ಕದ ಆಟದ ಸ್ಪೀಕರಿನಲ್ಲಿ ಸಿಕ್ಸರಿನ ಹಾಡು ಶುರುವಾಯಿತು.

ಕಾಮಾಕ್ಷಿಪಾಳ್ಯಕ್ಕೂ ಬಸವೇಶ್ವರನಗರಕ್ಕೂ ನಡುವೆ ಇರುವ ಆ ಮೈದಾನದಲ್ಲಿ ಭಾನುವಾರ ನಾಲ್ಕೈದು ಆಟ ಒಟ್ಟಿಗೆ ನಡೆಯುತ್ತವೆ. ಒಬ್ಬರ ಬೌಂಡರಿಯೊಳಗೆ ಇನ್ನೊಬ್ಬರ ಫೀಲ್ಡರ್ ನಿಂತಿರುತ್ತಾನೆ. ಅದಕ್ಕಾಗಿಯೇ ಅಲ್ಲೊಂದು ಪದ್ಧತಿ ಇದೆ. ಚೆಂಡು ಗಾಳಿಯಲ್ಲಿ ಇನ್ನೊಂದು ಆಟದ ಕಡೆಗೆ ಹೋದರೆ, ಹೊಡೆದವನಾಗಲಿ ನೋಡಿದವನಾಗಲಿ 'ತಲೆ' ಎಂದು ಕೂಗಬೇಕು. ಕೇಳಿಸಿಕೊಂಡವರೆಲ್ಲ, ಎಲ್ಲಿಂದ ಬಂತು ಎಂದು ತಿರುಗಿ ನೋಡದೆ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂರಬೇಕು. ನಾನು ಆ ಮೈದಾನಕ್ಕೆ ಹೋಗಲು ಶುರು ಮಾಡಿದಾಗ ಮಧ್ಯಾಹ್ನದೊಳಗೆ ಒಂದೋ ಎರಡೋ ಸಲ ಆ ಕೂಗು ಕೇಳುತ್ತಿತ್ತು. ಈಗ ಒಂದು ಓವರಿನಲ್ಲಿ ಎರಡು ಸಲ.

ನಮ್ಮದು ಹಳೆಯ ಕಾಲದ ಆಟ. ಬಿಳಿ ಬಟ್ಟೆ, ಕೆಂಪು ಚೆಂಡು. ಎರಡು ಭಾನುವಾರ ಸೇರಿ ಒಂದು ಪಂದ್ಯ, ತಂಡಕ್ಕೆ ಎರಡೆರಡು ಇನಿಂಗ್ಸ್. ಹೆಚ್ಚಿನ ಪಂದ್ಯಗಳು ಡ್ರಾ ಆಗುತ್ತಿದ್ದವು, ಅದರ ಬಗ್ಗೆ ಯಾರಿಗೂ ಬೇಸರವಿರಲಿಲ್ಲ. ನಿವೃತ್ತ ಗಣಿತದ ಮೇಷ್ಟ್ರು ನಮ್ಮಲ್ಲಿ ಹಿರಿಯರು. ಆಫ್ ಸ್ಟಂಪಿನ ಹೊರಗೆ ಬಂದ ಚೆಂಡನ್ನು ಬ್ಯಾಟೆತ್ತಿ ಹೋಗಲು ಬಿಡುವುದರಲ್ಲಿ ಅವರಿಗಿದ್ದ ಸುಖ ಬೇರೆಯವರಿಗೆ ಬೌಂಡರಿ ಹೊಡೆಯುವುದರಲ್ಲೂ ಇರಲಿಲ್ಲ. 'ಬಿಡೋದಕ್ಕೆ ಮೊದ್ಲು ಅದು ಎಲ್ಲಿ ಹೋಗುತ್ತೆ ಅಂತ ಗೊತ್ತಿರ್ಬೇಕು ಕಣೋ' ಎನ್ನುತ್ತಿದ್ದರು.

ಪಕ್ಕದಲ್ಲಿ ಆಡುತ್ತಿದ್ದವರು ಹೆಗ್ಗನಹಳ್ಳಿಯ ಹುಡುಗರು. ಎಂಟೆಂಟು ಓವರಿನ ಕಪ್ ಪಂದ್ಯ, ಬಣ್ಣದ ಟೀ ಶರ್ಟು, ಶಾಮಿಯಾನ, ಮೈಕು. ಅವರಲ್ಲಿ ಸರದಿ ಮುಗಿದವರು ಚಹಾ ಹಿಡಿದುಕೊಂಡು ನಮ್ಮ ಬೌಂಡರಿಯಲ್ಲಿ ಬಂದು ಕೂರುತ್ತಿದ್ದರು.

'ಅಂಕಲ್, ಸ್ಕೋರ್ ಎಷ್ಟು?'

'ಐವತ್ತೆರಡಕ್ಕೆ ಎರಡು.'

'ಎಷ್ಟ್ ಓವರ್ಗೆ?'

'ಇಪ್ಪತ್ತೊಂಬತ್ತು.'

'ಮಗಾ, ಇವರು ರನ್ ಹೊಡೀತಿಲ್ಲ ಕಣೋ, ಧ್ಯಾನ ಮಾಡ್ತಾವ್ರೆ.'

ನಾವೂ ನಗುತ್ತಿದ್ದೆವು. ಆ ನಗುವಿನ ಆಚೆ ನನ್ನೊಳಗೆ ಏನೋ ಬದಲಾಗಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಐದು ದಿನದ ಟೆಸ್ಟನ್ನು ರಜೆ ಹಾಕಿ ನೋಡುತ್ತಿದ್ದವನು ನಾನು. ಈಗ ರಾತ್ರಿ ಊಟ ಮಾಡುತ್ತ ಫೋನಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ. ಆ ಹತ್ತು ನಿಮಿಷದಲ್ಲಿ ಬ್ಯಾಟ್ಸ್‌ಮನ್ ಬಿಟ್ಟ ಚೆಂಡನ್ನು ಯಾರೂ ತೋರಿಸುವುದಿಲ್ಲ. ಮೈದಾನದಲ್ಲೂ ಹಾಗೆಯೇ ಆಗಿತ್ತು. ಮೇಷ್ಟ್ರು ಚೆಂಡು ಬಿಟ್ಟಾಗ ನನ್ನ ಕತ್ತು ತಾನಾಗಿ ಪಕ್ಕದ ಪಿಚ್ಚಿನ ಕಡೆ ತಿರುಗುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮೊದಲ ಒಂದು ಗಂಟೆಯಲ್ಲಿ ನಾವು ಎಷ್ಟು ಸಲ ತಲೆ ಹಿಡಿದು ಕೂತೆವೋ ಗೊತ್ತಿಲ್ಲ. ಒಂದು ಚೆಂಡೂ ನಮ್ಮ ಹತ್ತಿರ ಬೀಳಲಿಲ್ಲ. ನೀರಿನ ವಿರಾಮದಲ್ಲಿ ಮೇಷ್ಟ್ರಿಗೆ ಸಿಟ್ಟು ಬಂತು.

'ಬಾಲ್ ಬಾಲ್ಗೂ ತಲೆ ತಲೆ ಅಂದ್ರೆ ಸ್ಲಿಪ್ಪಲ್ಲಿ ನಿಲ್ಲೋದ್ ಹೇಗೋ? ಹೋಗಿ ಹೇಳ್ ಬಾ. ಸುಮ್‌ಸುಮ್ನೆ ಕೂಗ್ಬೇಡಿ ಅನ್ನು.'

ನಾನು ಹೋದೆ. ಪ್ಯಾಡು ಕಟ್ಟಿಕೊಳ್ಳುತ್ತಿದ್ದ ಅವರ ಓಪನರ್ ಎದ್ದು ನಿಂತ. ಇಪ್ಪತ್ತೈದು ಇಪ್ಪತ್ತಾರರ ಗಟ್ಟಿ ಆಳು, ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರ ಓಡಿಸುವವನು.

'ಕೂಗ್ದೆ ಹೋದ್ರೆ ಡೇಂಜರ್ ಅಲ್ವಾ ಸಾರ್?'

'ನಮ್ ಮೇಷ್ಟ್ರು ಹೇಳ್ತಾ ಇದಾರೆ. ನಮಗೆ ಆಟ ಆಡಕ್ಕೆ ಆಗ್ತಾ ಇಲ್ಲಪ್ಪ.'

'ಆಯ್ತು ಸಾರ್. ನಮ್ ಹುಡುಗ್ರಿಗೂ ಹೇಳ್ತೀನಿ.'

ಅವನು ಹೇಳಿದ. ಆಮೇಲೆ ಆ ಕಡೆಯಿಂದ ಒಂದು ಕೂಗೂ ಬರಲಿಲ್ಲ. ತಡವಾಗಿ ಬಂದ ನಮ್ಮ ವಿಕೆಟ್ ಕೀಪರಿಗೆ ಈ ಮಾತುಕತೆ ಗೊತ್ತಿರಲಿಲ್ಲ.

ಮೇಷ್ಟ್ರು ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿ ಬಂದವನು ಆ ಸಿಕ್ಸರ್ ಹೊಡೆದಿದ್ದ ಓಪನರೇ. ಬ್ಯಾಟನ್ನು ದಾರಿಯಲ್ಲೇ ಎಸೆದು, ಗ್ಲೌಸ್ ಕಿತ್ತು ಹಾಕಿ, ಮಂಡಿಯೂರಿ ಮೇಷ್ಟ್ರ ತಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡ. ಕಿವಿಯಿಂದ ರಕ್ತ ಅವನ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ಮೇಷ್ಟ್ರು ಗೊರಕೆ ಹೊಡೆಯುವಂತೆ ಉಸಿರಾಡುತ್ತಿದ್ದರು.

ನಮ್ಮ ಕೀಪರ್ ಬ್ಯಾಂಕಿನಲ್ಲಿ ಅಧಿಕಾರಿ. ಅಂಪೈರ್ ಔಟಲ್ಲ ಎಂದರೆ ತಲೆ ಬಾಗಿಸಿ ಹಿಂದಕ್ಕೆ ನಡೆಯುವವನು. ಅವನು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ಅವನು ಓಪನರನ ಕಾಲರ್ ಹಿಡಿದು ಎಬ್ಬಿಸಿದ.

'ತಲೆ ಅಂದ್ಯೇನೋ? ಕೂಗಿದ್ಯೇನೋ ನೀನು?'

'ಇಲ್ಲ ಸಾರ್, ಅದು ನಿಮ್ಮೋರೇ ಬಂದು...'

ಕೀಪರ್ ನನ್ನ ಕಡೆ ತಿರುಗಿದ. 'ನೀನು ಅಲ್ಲೇ ನಿಂತಿದ್ದೆ. ಕೂಗಿದ್ನಾ?'

'ಇಲ್ಲ' ಎಂದೆ.

ಕೀಪರ್ ನಮ್ಮ ವಿಕೆಟ್ಟಿನಿಂದ ಒಂದು ಸ್ಟಂಪ್ ಕಿತ್ತ. ಮೊದಲ ಏಟು ಓಪನರನ ಭುಜಕ್ಕೆ ಬಿತ್ತು. ಎರಡನೆಯದು ತಲೆಗೆ ಬರುತ್ತಿದ್ದಾಗ ಅವನು ಬಲಗೈ ಅಡ್ಡ ಹಿಡಿದ, ಗ್ಲೌಸಿಲ್ಲದ ಕೈ. ಬೆರಳುಗಳ ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿ, ನನ್ನನ್ನೇ ನೋಡುತ್ತ ಹೇಳಿದ:

'ಸಾರ್, ನೀವೇ ಬಂದ್ ಹೇಳಿದ್ರಲ್ಲ ಸಾರ್. ಹೇಳಿ ಸಾರ್ ಇವರಿಗೆ.'

ನಾನು ಹೇಳಲಿಲ್ಲ. ಮೂರನೆಯ ಏಟು ಬೆನ್ನಿಗೆ ಬಿತ್ತು. ನಮ್ಮ ಬೌಲರ್ ಅವನನ್ನು ಒದ್ದ. ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುವ ಇನ್ನೊಬ್ಬ, ಸ್ಪೈಕ್ಸ್ ಹಾಕಿದ್ದ ಕಾಲಿನಿಂದ ಅವನ ತೊಡೆ ತುಳಿದ. ಅಷ್ಟರಲ್ಲಿ ಹೆಗ್ಗನಹಳ್ಳಿಯವರು ಬ್ಯಾಟು ಹಿಡಿದು ಬಂದರು. ಬೌಲರನ ಮುಂದಿನ ಎರಡು ಹಲ್ಲು ಹೋದವು. ಕೀಪರನ ಹಣೆ ಸೀಳಿ, ಬಿಳಿ ಶರ್ಟಿನ ಮುಂಭಾಗವೆಲ್ಲ ಕೆಂಪಾಯಿತು. ಮೈಕಿನವನು 'ದಯವಿಟ್ಟು ಆಟಗಾರರು ಶಾಂತ ರೀತಿಯಿಂದ ಸಹಕರಿಸಬೇಕು' ಎಂದು ಹೇಳುತ್ತಲೇ ಇದ್ದ. ಸುತ್ತ ನಿಂತವರು ಫೋನು ಎತ್ತಿ ಹಿಡಿದಿದ್ದರು.

ಇಷ್ಟರ ನಡುವೆ ಮೇಷ್ಟ್ರನ್ನು ಆಸ್ಪತ್ರೆಗೆ ಒಯ್ದದ್ದು ನಮ್ಮವರಲ್ಲ. ಆ ಕಡೆಯ ತಂಡದ ಆಟೋ ಓಡಿಸುವವನೊಬ್ಬ ಮೈದಾನದೊಳಗೇ ಗಾಡಿ ತಂದು, ಇಬ್ಬರ ಸಹಾಯದಿಂದ ಅವರನ್ನು ಮಲಗಿಸಿಕೊಂಡು ಹೋದ. ಆಟೋ ಗೇಟು ದಾಟಿದ್ದನ್ನು ನಾನು ನಿಂತಲ್ಲಿಂದಲೇ ನೋಡಿದೆ.

ಮೇಷ್ಟ್ರು ಬದುಕಿದರು. ಎಡಗಿವಿ ಕೇಳುವುದಿಲ್ಲ, ಬಲಗಾಲು ಎಳೆಯುತ್ತಾರೆ. ಆ ಬೆಳಗಿನದೇನೂ ಅವರಿಗೆ ನೆನಪಿಲ್ಲ. ಓಪನರನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಲೇತಿನ ಮುಂದೆ ಅವನನ್ನು ನಿಲ್ಲಿಸುವುದಿಲ್ಲವಂತೆ, ಪ್ಯಾಕಿಂಗಿಗೆ ಹಾಕಿದ್ದಾರೆ.

ಆ ವಾರವೇ ಎರಡೂ ಕಡೆಯವರು ದೂರು ಕೊಟ್ಟಿದ್ದರು. ಎಚ್ಚರಿಸದೆ ಹೊಡೆದು ಮೇಷ್ಟ್ರ ಪ್ರಾಣಕ್ಕೆ ಕುತ್ತು ತಂದ ಎಂದು ನಮ್ಮವರ ದೂರು. ಅದಕ್ಕೆ ಸಾಕ್ಷಿ ನಾನು. ಹೇಳಿಕೆ ಕೊಡುವ ಹಿಂದಿನ ದಿನ ಕೀಪರ್ ಮನೆಗೆ ಕರೆದ. ಅವನ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ಕೀಪರನ ಹಣೆಯ ಹೊಲಿಗೆ ಇನ್ನೂ ಹಸಿಯಾಗಿತ್ತು.

'ನೀನು ಹೆಚ್ಗೇನೂ ಹೇಳ್ಬೇಕಾಗಿಲ್ಲ' ಎಂದ. 'ಕೂಗ್ಲಿಲ್ಲ ಅಂದ್ರೆ ಸಾಕು. ಸುಳ್ಳಂತೂ ಅಲ್ವಲ್ಲ?'

'ಕೂಗ್ಬೇಡ ಅಂತ ನಾನೇ ಹೋಗಿ ಹೇಳಿದ್ದೆ.'

ಅವನು ಲೋಟ ಕೆಳಗಿಟ್ಟ. 'ಅದನ್ನ ಅವತ್ತೇ ಹೇಳ್ಬೇಕಿತ್ತು' ಎಂದ. 'ಈಗ ಹೇಳಿದ್ರೆ ನನ್ ಕೆಲ್ಸ ಹೋಗುತ್ತೆ ಗೊತ್ತಾ?' ಎಂದು ಕೇಳಿದ. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಮರುದಿನ ಠಾಣೆಯ ಬೆಂಚಿನ ಮೇಲೆ ಓಪನರ್ ತನ್ನ ಅಕ್ಕನ ಜೊತೆ ಕೂತಿದ್ದ. ಕೈಯ ಪಟ್ಟಿ ಬಿಚ್ಚಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ. ಅಕ್ಕ ಅವನ ತೋಳು ಹಿಡಿದು ಕೂರಿಸಿದಳು. ನಾನು ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ನಾವು ಕಳಿಸಿದ ಮಾತು, ಅದನ್ನು ಒಯ್ದವನು ನಾನು ಎಂಬುದು, ಚೆಂಡು ಬರುವುದನ್ನು ನೋಡಿಯೂ ನಾನು ಕೂಗಲಿಲ್ಲ ಎಂಬುದು, ಸ್ಟಂಪ್ ಹಿಡಿದವನು ಯಾರು ಎಂಬುದು. ಬರೆದುಕೊಳ್ಳುತ್ತಿದ್ದ ಪೊಲೀಸು ಪೆನ್ನು ನಿಲ್ಲಿಸಿದ.

'ಅವನಿಗೆ ಹೊಡೀತಾ ಇದ್ದಾಗ ಇದನ್ನ ಯಾಕ್ ಸಾರ್ ಹೇಳ್ಲಿಲ್ಲ?'

ಮೊದಲ ಏಟು ಬಿದ್ದಾಗ ನನಗೆ ಹಿತವಾಗಿತ್ತು. ಯಾರೋ ತಪ್ಪು ಮಾಡಿದ್ದಾರೆ, ಅವರಿಗೆ ಏಟು ಬೀಳುತ್ತಿದೆ, ಆ ಯಾರೋ ನಾನಲ್ಲ. ಎರಡನೆಯದನ್ನು ನಾನು ಕಾದಿದ್ದೆ. ಇದನ್ನು ಹೇಳಲು ಹೋಗಿ 'ಅವತ್ತು...' ಎಂದಷ್ಟೇ ಅಂದೆ.

'ಗಾಬರಿ ಆಗಿತ್ತು ಅಂತ ಬರ್ಕೋತೀನಿ' ಎಂದು ಅವನೇ ಬರೆದ. ಹಾಳೆಯನ್ನು ನನ್ನ ಕಡೆ ತಿರುಗಿಸಿದ. ನಾನು ಓದಿ, ಕೆಳಗೆ ಸಹಿ ಹಾಕಿದೆ.