ಅಮಾವಾಸ್ಯೆಯ ಕಡಲು ಮತ್ತು ವಾದೀಂದ್ರಾಚಾರ್ಯರ ಸೂತ್ರ

ಕರಾವಳಿಯ ನೀರು ಒಂದು ದಿನ ಹಸಿರಾಗಿ, ಮತ್ತೊಂದು ದಿನ ಕದಡಿ ಕಾಣುವುದೇಕೆ, ಬೆಳಕು ಅದರೊಳಗೆ ಎಷ್ಟು ಆಳ ಇಳಿಯಬಲ್ಲದು ಎಂಬುದನ್ನು ಗಾಳಿ, ಅಲೆ, ಉಬ್ಬರವಿಳಿತಗಳ ಲೆಕ್ಕದಿಂದ ವಿವರಿಸಿದ ವಿಜ್ಞಾನಿಗಳಲ್ಲಿ ಡಾ. ವಾದೀಂದ್ರಾಚಾರ್ಯರು ಅಗ್ರಗಣ್ಯರು. ಮಕ್ತಲದ ಅರ್ಚಕರ ಮನೆಯಲ್ಲಿ ಹುಟ್ಟಿ, ನಾರಾಯಣಪೇಟೆಯಲ್ಲಿ ಓದಿದ ಈ ಮಹನೀಯರು, ಹತ್ತಿದಾಗಲೆಲ್ಲ ಹೊಟ್ಟೆ ತೊಳಸಿದರೂ ಮೂರು ದಶಕ ದೋಣಿಯನ್ನು ಬಿಟ್ಟವರಲ್ಲ.

ಧನ್ವಾಡದ ಕುರುಬರ ಮನೆಯ ಅಖಿಲಾ ಈ ಆಚಾರ್ಯರ ಬಳಿ ಸಂಶೋಧನೆಗೆ ಸೇರಿದಾಗ ಅವಳ ಮಡಿಲಲ್ಲಿ ಎಳೆಗೂಸಿತ್ತು. ಅವರು ಕಡಲತೀರದ ಕಾಕಿನಾಡದಲ್ಲಿದ್ದ ತಮ್ಮ ಬಿಡಾರದಲ್ಲಿ ಒಂದು ಕೋಣೆ ತೆರವು ಮಾಡಿಕೊಟ್ಟು, ಕೂಸನ್ನು ನೋಡಿಕೊಳ್ಳಲು ಅವಳ ತಾಯಿ ಸತ್ಯಮ್ಮನನ್ನೂ ಕರೆಸಿಕೊಂಡರು.

ಆಚಾರ್ಯರು ಮೊದಲೇ ಊರಿಗೆ ಹೋಗಿ ಕುಳಿತಿದ್ದ ಒಂದು ಅಮಾವಾಸ್ಯೆಯಂದು ಅಖಿಲಾ ತಾನೇ ದೋಣಿ ಹತ್ತಿದಳು. ಗುರುಗಳ ಹೆಸರಾಂತ ಸೂತ್ರ ಹೇಳುವ ಆಳದ ಅರ್ಧಕ್ಕೂ ಅಂದು ಬೆಳಕು ಇಳಿಯಲಿಲ್ಲ. ಉಪಕರಣ ಕೆಟ್ಟಿರಬೇಕೆಂದರು ಅವಳ ಪ್ರಬಂಧವನ್ನು ಓದಿದ ಪರಿಶೀಲಕರು. ಆ ಅಳತೆಗಳನ್ನು ಬಿಟ್ಟರೆ ಪ್ರಬಂಧದಲ್ಲಿ ಹೊಸತೇನೂ ಉಳಿಯದು, ಇಟ್ಟುಕೊಂಡರೆ ಅನ್ನ ಹಾಕಿದವರ ಸೂತ್ರವೇ ಸುಳ್ಳಾಗುವುದು.

"ಅಮಾಸಿ ದಿನದ್ದು ತೆಗೆದು ಹಾಕ್ತೀನ್ರೀ ಸರ್," ಎಂದಳು.

"ಯಾಕವಾ, ನನ್ನ ಮಾನ ಉಳಸಾಕೇನು? ಆ ದಿನಾನ ಯಾಕ ಹೋಗಿದ್ದಿ?"

"ನಮ್ಮಲ್ಲಿ ಅಮಾಸಿ ಅಂದ್ರ ಮನಿದೇವ್ರು ಬೀರಪ್ಪನ ದಿನಾರೀ. ಒಳ್ಳೇದಾಗ್ತೈತಿ ಹೋಗು ಅಂದ್ಳು ನಮ್ಮವ್ವ."

ಆಚಾರ್ಯರು ಬಿದ್ದುಬಿದ್ದು ನಕ್ಕರು. "ಅಮಾಸಿಗೆ ನಾನು ಹೊಸಿಲು ದಾಟಂಗಿಲ್ಲ. ಹುಣ್ಣಿವಿಗೆ ಮಂತ್ರಾಲಯ ತಪ್ಪಸಂಗಿಲ್ಲ. ಉಬ್ಬರವಿಳಿತದ ಸೆಳವು ಜೋರಿರೋದೇ ಈ ಎರಡು ದಿನ! ತಳದ ಕೆಸರು ಮೇಲೇಳೋ ದಿನಾನ ನಾನು ಕಡಲಿಗೆ ರಜಾ ಕೊಟ್ಟು ಕುಂತೀನಿ ನೋಡು."

ಮುಂದಿನ ಅಮಾವಾಸ್ಯೆಯಂದು ಅವರೇ ದೋಣಿ ಹತ್ತಿದರು. ಪತ್ನಿ ರಾಧಾಬಾಯಿಯವರು ಬಾಗಿಲಲ್ಲಿ ನಿಂತು, "ಮೂವತ್ತು ವರ್ಷದ ಮಡಿ ಇವತ್ತು ನೀರಿಗೆ ಬಿತ್ರೀ," ಎಂದು ಗೊಣಗುತ್ತಲೇ ನಿಂಬೆಹಣ್ಣು ಕೊಟ್ಟು ಕಳುಹಿಸಿದರು. ವಾಂತಿ ಮಾಡಿಕೊಳ್ಳುತ್ತಲೇ ಉಪಕರಣ ಇಳಿಬಿಟ್ಟ ತಂತಿ ಹಿಡಿದು ನಿಂತ ಗುರುಗಳಿಗೆ, ಅಖಿಲಾ ಕಂಡದ್ದೇ ಕಂಡಿತು. ಸೆಳವು ತಗ್ಗಿದಾಗ ಕೆಸರು ಕೆಳಗಿಳಿದು, ಬೆಳಕು ಮತ್ತೆ ಆಳಕ್ಕೆ ಹೋಯಿತು.

ಪದವಿಯ ಮೌಖಿಕ ಪರೀಕ್ಷೆಯಲ್ಲಿ ಅವಳು ಬಾಯಿ ತೆರೆಯುವ ಮುನ್ನವೇ ಆಚಾರ್ಯರು ಎದ್ದು ನಿಂತು, ಉಪಕರಣ ಸರಿಯಿದೆ, ಅರೆಬರೆಯಾಗಿದ್ದುದು ತಮ್ಮ ಸೂತ್ರವೇ ಎಂದರು. ತುಂಬಿದ ಸಭೆಯಲ್ಲಿ ಹಿರಿಯರೊಬ್ಬರು ಹಾಗೆ ಹೇಳಿದ್ದನ್ನು ಅಖಿಲಾ ಅದಕ್ಕೆ ಮೊದಲು ಕೇಳಿರಲಿಲ್ಲ.

ಈಗ ನಿವೃತ್ತರಾಗಿ ಮಕ್ತಲದಲ್ಲಿ ನೆಲೆಸಿರುವ ಪೂಜ್ಯರು ಆ ಸೂತ್ರವನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಅಳತೆ ಕಳುಹಿಸುವುದು ತಡವಾದರೆ, "ಡಾಕ್ಟರ್ ಆದ್ಮ್ಯಾಲ ಸೊಕ್ಕು ಬಂತೇನು?" ಎಂದು ಅಖಿಲಾಳಿಗೆ ಫೋನಿನಲ್ಲೇ ಗದರುತ್ತಾರೆ. ಗುರುರಾಯರು ಅವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿ ದನಿಯನ್ನೂ ಕರುಣಿಸಲಿ, ಆ ಗದರಿಕೆ ಬಹುಕಾಲ ಅವಳ ಕಿವಿಗೆ ಬೀಳುತ್ತಿರಲಿ.