ಎಳೇ ಯೂಕ್ಲೇಸ್

ಮೊಮ್ಮಗಳಿಗೆ ಸೊಸೆ ಹುಡುಕಿಟ್ಟಿದ್ದ ಹೆಸರು ಯೂಕ್ಲೇಸ್. ಅದೊಂದು ಕಲ್ಲು. ಭೂಮಿಯಲ್ಲಿ ಅಲ್ಲೊಂದು ಇಲ್ಲೊಂದು ಸಿಗುವ ಅಪರೂಪದ ಖನಿಜವಂತೆ. ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬಟ್ಟೆಗೆ ಹಾಕುವ ನೀಲಿಯ ನೀರು ಹಾಗೇ ಗಟ್ಟಿಯಾದಂತಿತ್ತು.

"ಅರ್ಥ ಏನಮ್ಮಾ?" ಎಂದೆ.

"ಸಲೀಸಾಗಿ ಒಡೀತದ ಅಂತ್ರೀ ಅತ್ತಿ, ಗ್ರೀಕ್ ಭಾಷಾದಾಗ."

"ಹೆಣ್ಣುಮಗೂಗೆ ಒಡೆಯುತ್ತೆ ಅಂತ ಹೆಸರಾ? ಗಾಜಿನ ಲೋಟಕ್ಕೆ ಇಡೋದಲ್ವೇನೆ?"

ಸೊಸೆ ನಗಲಿಲ್ಲ. ಹುಬ್ಬಳ್ಳಿಯಲ್ಲಿ ಅವಳು ಓದಿದ ತರಗತಿಯಲ್ಲಿ ಅವಳದೇ ಹೆಸರಿನ ಐವರಿದ್ದರಂತೆ. "ಮಾಸ್ತರು ನನಗ ಮೂರನೇದಾಕಿ ಅಂತ ಕರೀತಿದ್ರು. ಇವತ್ತಿಗೂ ಯಾರರ ಮೂರು ಅಂದ್ರ ತಿರುಗಿ ನೋಡ್ತೇನ್ರೀ. ನನ್ನ ಮಗಳು ಯಾರಿಗೂ ಎರಡನೇದಾಕಿ ಆಗಬಾರದು. ಈ ಹೆಸರು ಆಕಿ ಒಬ್ಬಾಕಿದ ಇರಬೇಕು."

ಅದಾದ ಮೇಲೆ ನಾನು ತಕರಾರು ಎತ್ತಲಿಲ್ಲ. ಮಗನಿಗೆ ಅಕ್ಕತಂಗಿಯರಿಲ್ಲದ ಕಾರಣ ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಭ್ಯಾಸ ಬೇಡವೇ? ಕಿವಿಯಲ್ಲಿ ಪಿಸುಗುಟ್ಟಿದರೆ ಮುಗಿಯುವುದಿಲ್ಲ. ನಾಳೆ ಅದೇ ಹೆಸರು ಹಿಡಿದು ಊಟಕ್ಕೆ ಕರೆಯಬೇಕು, ಬೈಯಬೇಕು, ಬೀದಿಯಿಂದ ಒಳಗೆ ಎಳೆದುಕೊಂಡು ಬರಬೇಕು. ಬೆಳಿಗ್ಗೆ ನಮ್ಮ ಕಗ್ಗದಾಸಪುರದ ಮನೆಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಗಂಟಲು ಬಿಟ್ಟು ಕೂಗಿದೆ.

"ಯೂಕ್ಲೇಸ್! ಏ ಯೂಕ್ಲೇಸ್!"

ಎದುರು ಸಾಲಿನ ಯಾವ ಕಿಟಕಿಯೂ ತೆರೆಯಲಿಲ್ಲ. ಆ ಹೆಸರಿನವರು ಬೇರೆ ಯಾರೂ ಇಲ್ಲ, ಸೊಸೆಯ ಆಯ್ಕೆ ಸರಿಯಾಗಿದೆ ಅಂದುಕೊಂಡೆ. ಆಗ ಕೆಳಗಿನಿಂದ ತರಕಾರಿ ಗಾಡಿಯವನು ತಲೆಯೆತ್ತಿದ.

"ಇವತ್ತಿಲ್ಲಮ್ಮಾ, ಖಾಲಿ ಆಗೋಯ್ತು! ನಾಳೆ ತರ್ತೀನಿ!"

ಗೊತ್ತಿಲ್ಲ ಅನ್ನುವ ಮಾತು ಆ ಮನುಷ್ಯನ ಬಾಯಲ್ಲಿ ಬಂದದ್ದೇ ಇಲ್ಲ. ನಾನಾದರೂ ಸುಮ್ಮನೆ ಒಳಗೆ ಹೋಗಬಹುದಿತ್ತು.

"ಎಳೇದು ನೋಡಿ ತಗೊಂಬಾಪ್ಪ!" ಎಂದೆ.

ಮರುದಿನ ತಂದೇಬಿಟ್ಟ. ಸೌತೆಕಾಯಿಯಂತೆ ಕಂಡರೂ ಸೌತೆಕಾಯಿಯಲ್ಲದ, ಎಣ್ಣೆ ಸವರಿದಂತೆ ಹೊಳೆಯುವ ಹಸಿರು ಕಾಯಿ. "ಇದೇ ತಾನೇ ಅಮ್ಮಾ? ಮಾರತ್ತಹಳ್ಳಿ ಕಡೆ ದೊಡ್ಡ ಹೋಟ್ಲಲ್ಲಿ ಇದನ್ನೇ ತಿನ್ನೋದು." ಇದೇ ಅಂದುಬಿಟ್ಟೆ. ಕಾಯಿತುರಿ ಹಾಕಿ ಪಲ್ಯ ಮಾಡಿದೆ. ಸೊಸೆ ಎರಡು ಸಲ ಹಾಕಿಸಿಕೊಂಡಳು.

ಅದರ ಮಾರನೇ ಬೆಳಿಗ್ಗೆ ಗಾಡಿಯ ಮೈಕು ಬೀದಿಯ ಆ ತುದಿಯಿಂದ ಕೂಗುತ್ತಾ ಬಂತು: "ಟೊಮೇಟೊ, ಈರುಳ್ಳಿ, ಬೀನ್ಸ್, ಎಳೇ ಯೂಕ್ಲೇಸ್! ಎಳೇ ಯೂಕ್ಲೇಸ್!"

ಕೆಳಗೆ ಹೆಂಗಸರು ಮುತ್ತಿಕೊಂಡರು. ಎದುರುಮನೆಯಾಕೆ ಬಾಲ್ಕನಿಯಲ್ಲಿದ್ದ ನನ್ನನ್ನು ಕಂಡು, "ಆಂಟಿ, ಯೂಕ್ಲೇಸ್ ಸಾಂಬಾರಿಗೂ ಹಾಕ್ಬಹುದಾ? ಸಿಪ್ಪೆ ತೆಗೀಬೇಕಾ?" ಎಂದು ಕೂಗಿದಳು.

ಹಿಂದೆ ಸೊಸೆ ಮಗುವನ್ನೆತ್ತಿಕೊಂಡು ನಿಂತಿದ್ದಳು. ಕಣ್ಣು ತುಂಬಿತ್ತು.

"ನಾಳೆ ನಾಮಕರಣ ಐತ್ರೀ ಅತ್ತಿ. ತೊಟ್ಟಲಕ್ಕ ಹಾಕೂಕಿಂತ ಮೊದಲ ನನ್ನ ಮಗಳು ಕಿಲೋ ಲೆಕ್ಕದಾಗ ಮಾರಾಟ ಆಗಾಕತ್ತಾಳ! ಅವಗ ಈ ಹೆಸರು ಹೇಳಿದವ್ರು ಯಾರು?"

ನಾನು ಮಗುವಿನ ಕಡೆ ನೋಡಿದೆ. ಮಗು ನನ್ನನ್ನು ಬಿಟ್ಟುಕೊಡಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗಿಳಿದೆ.

"ಆ ಹೆಸರು ವಾಪಸ್ ಕೊಟ್ಬಿಡಪ್ಪ," ಎಂದೆ. "ಅದು ಕಾಯಿದಲ್ಲ, ನನ್ನ ಮೊಮ್ಮಗಳದು."

"ಅಯ್ಯೋ, ಈಗ ಹೆಂಗಮ್ಮಾ? ಹೆಸರಿಲ್ದೆ ಕಾಯಿ ಮಾರಕ್ಕಾಗುತ್ತಾ? ಬೇರೆ ಒಂದು ಕೊಡಿ, ಇದನ್ನ ತಗೊಂಡ್ಹೋಗಿ."

ಸೊಸೆಯ ಮೊಬೈಲಿನಲ್ಲಿ ಕಂಡಿದ್ದ ಇನ್ನೊಂದು ಕಲ್ಲಿನ ಹೆಸರು ಕೊಟ್ಟೆ. ಬೆನಿಟೊಯಿಟ್. ಎರಡು ಸಲ ನಾಲಿಗೆಯಲ್ಲಿ ಹೊರಳಿಸಿ ನೋಡಿ, ಕೂಗಲು ಉದ್ದವಾಯಿತೆಂದು ಬೇಡವೆಂದ. "ನಿಮ್ಮ ಹೆಸರೇನಮ್ಮಾ?"

"ಇಷ್ಟು ವರ್ಷದಿಂದ ತರಕಾರಿ ಕೊಡ್ತೀಯ, ಗೊತ್ತಿಲ್ವಾ?"

"ಎಲ್ರೂ ಅಜ್ಜಿ, ಆಂಟಿ ಅಂತಾರೆ. ನಿಮಗೆ ಹೆಸರು ಅಂತ ಇರೋದೇ ಗೊತ್ತಿರ್ಲಿಲ್ಲ."

ಹೇಳಿದೆ. ಅವನಿಗೆ ಹಿಡಿಸಿತು. ಮೂರೇ ಅಕ್ಷರ, ಮೈಕಿಗೆ ಚೆನ್ನಾಗಿ ಕೂರುತ್ತದೆ ಎಂದ. ಅಲ್ಲೇ ಗಾಡಿಯ ಪಕ್ಕ ನಿಂತು ಹೊಸದಾಗಿ ರೆಕಾರ್ಡ್ ಮಾಡಿಕೊಂಡ. ಹಳೆಯದನ್ನು ನನ್ನ ಕಣ್ಣೆದುರೇ ಅಳಿಸುವಂತೆ ಮಾಡಿದೆ.

ನಾಮಕರಣ ಚೆನ್ನಾಗಿ ಆಯಿತು. ಕಿವಿಯಲ್ಲಿ ಯೂಕ್ಲೇಸ್ ಎಂದಾಗ ಮಗು ಆಕಳಿಸಿತು. ಇಡೀ ಬೀದಿಯಲ್ಲಿ ಆ ಹೆಸರು ಈಗ ಅವಳೊಬ್ಬಳದೇ. ಸೊಸೆ ನನ್ನೊಡನೆ ಮತ್ತೆ ಮಾತಾಡುತ್ತಿದ್ದಾಳೆ.

ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಯಾರೂ ಈಗಿಲ್ಲ. ಈಗ ದಿನಾ ಬೆಳಿಗ್ಗೆ ಮೈಕು ಬೀದಿಯ ತುದಿಯಿಂದಲೇ ಎಳೇದು, ತಾಜಾ ಎಂದು ನನ್ನ ಹೆಸರು ಕೂಗುತ್ತಾ ಬರುತ್ತದೆ. ಹೆಂಗಸರು ನನ್ನನ್ನು ಒತ್ತಿ ನೋಡಿ, ಬಲಿತಿದೆ ಎಂದು ಪಕ್ಕಕ್ಕಿಡುತ್ತಾರೆ. ನಾನು ಬಾಲ್ಕನಿಯಿಂದ ಬಗ್ಗಿ, "ಬಂದೆ ಇರಪ್ಪಾ!" ಎನ್ನುತ್ತೇನೆ.