ಕಡೇ ತಿರುವಿನ ಡ್ರಮ್ಮುಗಳು

ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸ್ಟೋರಿನಲ್ಲಿದ್ದ ಸೂಗಪ್ಪ ಗುಲ್ಬರ್ಗಾ ಕಡೆಯವರು. ಅರೆಬರೆ ಕೆಲಸ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹೆಂಡತಿ ಮಡಿಸಿಟ್ಟ ಹಾಸಿಗೆಯನ್ನೂ ಬಿಚ್ಚಿ ಮತ್ತೆ ಮಡಿಸುವ ಆಸಾಮಿ. ಹೈದರಾಬಾದಿನ ಹೊರಗೆ, ಯುದ್ಧದ ಕಾಲದ ಪಾಳು ವಿಮಾನಪಟ್ಟಿಯಲ್ಲಿ ವರ್ಷಕ್ಕೊಮ್ಮೆ ಕಾರ್ ರೇಸ್ ನಡೆಸುತ್ತಿದ್ದ ಕ್ಲಬ್ಬಿನವರು ಇಂಥವರನ್ನು ಬಿಟ್ಟಾರೆಯೇ? ಕಡೇ ತಿರುವಿನ ಜವಾಬ್ದಾರಿ ಇವರ ತಲೆಗೆ ಬಿತ್ತು. ಪ್ರತಿಫಲವಾಗಿ ಎರಡು ಹೊತ್ತು ಚಹಾ, ಒಂದು ಟೋಪಿ.

ಆ ತಿರುವಿಗೆ ಗೋಡೆಯಿರಲಿಲ್ಲ, ಬೇಲಿಯಿರಲಿಲ್ಲ. ಜೀಡಿಮೆಟ್ಲಾದ ಕಾರ್ಖಾನೆಗಳಿಂದ ತಂದ ಖಾಲಿ ತಗಡಿನ ಡ್ರಮ್ಮುಗಳ ಸಾಲೇ ಗಡಿ. ಕಾರು ತಾಗಿದರೆ ಡ್ರಮ್ಮು ಉರುಳಬೇಕು, ಮನುಷ್ಯ ಉಳಿಯಬೇಕು. ಎಪ್ಪತ್ತೊಂಬತ್ತನೇ ಇಸವಿಯ ರೇಸಿನ ದಿನ ಬೆಳಗ್ಗೆಯೇ ಗಾಳಿ ಎದ್ದು ಡ್ರಮ್ಮುಗಳು ಉರುಳಾಡತೊಡಗಿದವು. ಒಂದಿಷ್ಟು ಮರಳು ಹಾಕಿ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿ ಹೋದರು. ಸೂಗಪ್ಪನವರಿಗೆ ಒಂದಿಷ್ಟು ಎಂಬುದು ಗೊತ್ತಿದ್ದರೆ ತಾನೆ! ಕಂಠಮಟ ತುಂಬಿ, ನೀರು ಹೊಯ್ದು, ಹಾರೆಯಿಂದ ಜಡಿದು ಗಟ್ಟಿ ಮಾಡಿದರು.

ಮಧ್ಯಾಹ್ನ ಶಿವಾನಂದ ಎಂಬ ಚಾಲಕನ ಕಾರು ಆ ಸಾಲಿಗೆ ಬಡಿಯಿತು. ಡ್ರಮ್ಮು ಅಲುಗಲಿಲ್ಲ. ಇಪ್ಪತ್ತಾರರ ಪ್ರಾಯದವನು ಅಲ್ಲೇ ಹೋದ. ಕ್ಲಬ್ಬಿನ ದೊಡ್ಡ ಮನುಷ್ಯರು ಸಭೆ ಸೇರಿ, ಅವನ ಹುಂಬತನವೇ ಕಾರಣವೆಂದು ಬರೆದು ಕೈ ತೊಳೆದುಕೊಂಡರು. ಡ್ರಮ್ಮಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಸೂಗಪ್ಪನವರನ್ನು ಯಾರಾದರೂ ಒಂದು ಮಾತು ಕೇಳಿದ್ದರೆ ಎದೆ ಹಗುರಾಗುತ್ತಿತ್ತೇನೋ, ಕೇಳಲೂ ಇಲ್ಲ. ಅವರಿಗೆ ಅನ್ನ ಸೇರಲಿಲ್ಲ. ಹದಿನೈದು ದಿನ ಹೇಗೋ ತಡೆದುಕೊಂಡು, ಕಡೆಗೆ ಬೇಗಂಪೇಟೆಯಲ್ಲಿದ್ದ ಶಿವಾನಂದನ ತಾಯಿ ಸಾವಿತ್ರಿಬಾಯಿಯವರ ಮನೆಗೆ ಹೋದರು.

“ಹುಚ್ಚನಂಗ ಗಾಡಿ ಹೊಡದು ಸತ್ತಾನಂತರಿ. ತಾಯಿ ಒಬ್ಬಾಕಿ ಅದಾಳ ಅನ್ನೂದು ಸೈತ ನೆನಪಾಗಲಿಲ್ಲ ಅವಗ,” ಎಂದರು ಆಕೆ. ಮಗನ ಮೇಲಿನ ಸಿಟ್ಟಿಗೆ ಅಳುವೂ ಬಂದಿರಲಿಲ್ಲ.

“ಇಲ್ಲವ್ವಾ, ನಿಮ್ಮ ಮಗನದೇನೂ ತಪ್ಪಿಲ್ಲ,” ಎಂದರು ಸೂಗಪ್ಪ. “ಖಾಲಿ ಇರಬೇಕಾದ ಡ್ರಮ್ಮಿನಾಗ ಉಸುಕು ತುಂಬಿದಾಂವ ನಾನು. ಖಾಲಿ ಇದ್ದಿದ್ರ ಅವರು ಎದ್ದು ಬರ್ತಿದ್ರು.”

ಸಾವಿತ್ರಿಬಾಯಿ ಅವರನ್ನೇ ನೋಡಿದರು. ಆಮೇಲೆ ಮಗನ ಹೆಸರು ಹಿಡಿದು, ಅವನನ್ನು ಬೈದದ್ದಕ್ಕೆ ತಪ್ಪಾಯಿತಪ್ಪಾ ಎನ್ನುತ್ತ ಅತ್ತರು. ಅಳು ತಗ್ಗಿದ ಮೇಲೆ ಹೇಳಿದರು:

“ನನ್ನ ಹೊಸ್ತಿಲಾ ಮತ್ತ ತುಳೀಬ್ಯಾಡ್ರಿ. ಆದ್ರ ಆ ಡ್ರಮ್ಮಿನ ಹತ್ರ ಹೋಗೂದು ಬಿಡಬ್ಯಾಡ್ರಿ. ಅವು ಖಾಲಿ ಯಾಕ ಇರಬೇಕು ಅನ್ನೂದು ನಿಮಗ ಗೊತ್ತೈತಿ. ಆ ಕ್ಲಬ್ಬಿನವರಿಗ ಗೊತ್ತಿಲ್ಲ.”

ಮರುವರ್ಷ ಕಾರ್ಯದರ್ಶಿ ಮರಳು ಹಾಗೇ ಇರಲಿ ಎಂದರು. ಸೂಗಪ್ಪ ಒಪ್ಪಲಿಲ್ಲ. ಹೋದ ವರ್ಷ ತಾವೇ ತುಂಬಿದ್ದ ಡ್ರಮ್ಮುಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕಿ ಖಾಲಿ ಮಾಡಿದರು. ಗಾಳಿಗೆ ಬಿದ್ದವನ್ನು ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ನಡುವೆ ಮತ್ತೆ ಮತ್ತೆ ಎತ್ತಿ ನಿಲ್ಲಿಸಿದರು. ನೋಡಲು ಬಂದ ಜನ ನಕ್ಕರು.

ಕಡೇ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ನರಹರಿಯ ಕಾರು ಜಾರಿ, ಬಂದ ವೇಗದಲ್ಲೇ ಸಾಲಿಗೆ ನುಗ್ಗಿತು. ಡ್ರಮ್ಮುಗಳು ಚೆಲ್ಲಾಪಿಲ್ಲಿಯಾದವು. ಒಂದು ಡ್ರಮ್ಮು ಕಾರಿನಡಿ ಸಿಕ್ಕಿಕೊಂಡು ಕಾರು ಹುಲ್ಲಿನಲ್ಲಿ ನಿಂತುಬಿಟ್ಟಿತು. ನರಹರಿ ಇಳಿದವನೇ ಹೆಲ್ಮೆಟ್ ಕಿತ್ತೆಸೆದು, ಸೂಗಪ್ಪನವರ ಅಂಗಿಯ ಕೊರಳಪಟ್ಟಿ ಹಿಡಿದ.

“ಹಗುರ ಡ್ರಮ್ಮು ಇಟ್ಟು ನನ್ನ ರೇಸ್ ಹಾಳು ಮಾಡಿದ್ಯಲ್ಲೋ, ಮುದುಕಾ!”

“ಬೈಯಪ್ಪಾ, ಬೈ. ಇನ್ನೂ ಬೈ,” ಎನ್ನುತ್ತ ಸೂಗಪ್ಪ ಅವನ ತೋಳು, ಹೆಗಲು, ತಲೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದರು.